ಹಳೆಯ ಟ್ರಕ್ಕಿನ ಹಸಿರು ದೀಪ

ಅಮೆರಿಕದಿಂದ ಊರಿಗೆ ದೂರವಾಣಿ ಮಾಡಿ ‘ಟ್ರಕ್ ಕೊಂಡುಕೊಂಡೆ’ ಎಂದರೆ ಊರಿನವರ ಕಣ್ಮುಂದೆ ಬಂದು ನಿಲ್ಲುವುದು ಹತ್ತು ಚಕ್ರದ ಲಾರಿ. ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ಹಾಸನ ಮೂಲದ ನನ್ನ ಮಿತ್ರರೊಬ್ಬರು ಈ ಸುದ್ದಿ ತಿಳಿಸಿದಾಗ ಅವರ ತಾಯಿ ಕೇಳಿದ್ದು ಒಂದೇ ಪ್ರಶ್ನೆ: “ಯಾಕೋ ಮಗಾ, ಇದ್ದ ಕೆಲಸ ಹೋಯ್ತೇನೋ?” ಇಲ್ಲಿ ಟ್ರಕ್ ಎಂದರೆ ಮುಂದೆ ಇಬ್ಬರೋ ಐವರೋ ಕೂರುವ ಕೋಣೆ, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್ ವಾಹನ. ವೈದ್ಯರೂ ಓಡಿಸುತ್ತಾರೆ, ಬಡಗಿಯೂ ಓಡಿಸುತ್ತಾನೆ. ಫೋರ್ಡ್ ಸಂಸ್ಥೆಯ ಎಫ್ ಶ್ರೇಣಿಯ ಪಿಕಪ್‌ಗಳು 1977ರಿಂದ ಈ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ಕುಗಳೆನಿಸಿವೆ ಎಂದರೆ ಈ ವಾಹನದ ಮೇಲೆ ಅಮೆರಿಕನ್ನರಿಗಿರುವ ಮೋಹ ಅರ್ಥವಾದೀತು.

ಮಿತ್ರರು ಕೊಂಡದ್ದು ಹೊಸದನ್ನಲ್ಲ. 1990ರ ದಶಕದ ಕೊನೆಯಲ್ಲಿ ತಯಾರಾದ, ಕೆಳಭಾಗದಲ್ಲಿ ಅಲ್ಲಲ್ಲಿ ತುಕ್ಕು ತಿಂದ ಪಿಕಪ್ ಅದು. ಚಳಿಗಾಲದಲ್ಲಿ ಹಿಮ ಕರಗಿಸಲೆಂದು ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್‌ನಲ್ಲಿ ತುಕ್ಕಿಲ್ಲದ ಹಳೆಯ ವಾಹನ ಸಿಗುವುದು ಅಪರೂಪ. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವರು ಎಂಜಿನಿಯರ್. ಎರಡನೆಯ ಪಾಳಿ, ರಾತ್ರಿ ಹನ್ನೊಂದೂವರೆಗೆ ಬಿಡುಗಡೆ. ಅಲ್ಲಿಂದ ಮನೆಗೆ 45 ಮೈಲಿ, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ತುಮಕೂರಿನಷ್ಟು ದೂರ. ಅರ್ಧ ಹಾದಿ ಹೆದ್ದಾರಿ, ಉಳಿದರ್ಧ ಜೋಳದ ಹೊಲಗಳ ಮತ್ತು ಕುರುಚಲು ಕಾಡಿನ ನಡುವಿನ ಎರಡು ಸಾಲಿನ ರಸ್ತೆ. ಬೀದಿದೀಪವಿಲ್ಲ. ಈ ಎರಡನೆಯ ಅರ್ಧದಲ್ಲಿಯೇ ಜಿಂಕೆಗಳು ರಸ್ತೆ ದಾಟುತ್ತವೆ.

ಜಿಂಕೆ ಎಂದರೆ ನಮಗೆ ನಾಗರಹೊಳೆಯ ಸಫಾರಿ ನೆನಪಾಗುತ್ತದೆ. ಇಲ್ಲಿಯ ಚಾಲಕರಿಗೆ ಅದು ಅಪಘಾತದ ಹೆಸರು. ಮಿಷಿಗನ್ ಒಂದರಲ್ಲೇ ಇತ್ತೀಚಿನ ವರ್ಷಗಳಲ್ಲಿ ವಾಹನಕ್ಕೆ ಜಿಂಕೆ ಅಡ್ಡಬಂದು ಆಗುವ ಅಪಘಾತಗಳ ಸಂಖ್ಯೆ ವರ್ಷಕ್ಕೆ 50,000ವನ್ನು ಮೀರಿದೆ. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳು ಅವುಗಳ ಮಿಲನದ ಕಾಲವಾದುದರಿಂದ ಹಾವಳಿ ಅಧಿಕ. ನವೆಂಬರಿನ ಮೊದಲ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದರ ಮರುದಿನದಿಂದ ಸಂಜೆ ಐದೂವರೆಗೆಲ್ಲ ಕತ್ತಲು. ಕನ್ನಡ ಕೂಟಗಳ ರಾಜ್ಯೋತ್ಸವವೂ ಇದೇ ತಿಂಗಳಲ್ಲಿ ಬರುವುದರಿಂದ, ಬಿಸಿಬೇಳೆಭಾತ್ ಉಂಡು ತಡರಾತ್ರಿ ಮನೆಗೆ ಮರಳುವವರಿಗೆ ಅತಿಥೇಯರು ಹೇಳುವ ಕೊನೆಯ ಮಾತು ‘ಜಿಂಕೆ ನೋಡ್ಕೊಂಡು ಹೋಗಿ’ ಎಂಬುದೇ.

ಇಂಥ ರಸ್ತೆಯಲ್ಲಿ ಮಿತ್ರರ ಟ್ರಕ್ಕಿನ ಡ್ಯಾಶ್‌ಬೋರ್ಡ್ ದೀಪಗಳು ಒಂದೊಂದಾಗಿ ಕಣ್ಣು ಮುಚ್ಚತೊಡಗಿದವು. ಮೊದಲು ಇಂಧನದ ಮೀಟರು ಕತ್ತಲಾಯಿತು. ಬಳಿಕ ವೇಗದ ಮೀಟರಿನ ಎಡಭಾಗ. ಉಳಿದ ದೀಪಗಳೂ ಹಸಿರೆಂದು ಹೇಳಲಾಗದ, ಹಳದಿಯೆಂದೂ ಒಪ್ಪಲಾಗದ ಒಂದು ಪಾಚಿಬಣ್ಣಕ್ಕೆ ತಿರುಗಿದ್ದವು. ಎಷ್ಟು ವೇಗದಲ್ಲಿ ಹೋಗುತ್ತಿದ್ದೇನೆಂದು ತಿಳಿಯಲು ಅವರು ತಲೆ ಬಗ್ಗಿಸಿ ಒಂದೆರಡು ಕ್ಷಣ ದಿಟ್ಟಿಸಬೇಕಿತ್ತು. ಗಂಟೆಗೆ 55 ಮೈಲಿ ವೇಗದಲ್ಲಿ ಎರಡು ಕ್ಷಣವೆಂದರೆ ವಾಹನ ಸುಮಾರು ಐವತ್ತು ಮೀಟರ್ ಮುಂದೆ ಹೋಗಿರುತ್ತದೆ.

ಬೆಂಗಳೂರಾಗಿದ್ದರೆ ಜೆ.ಸಿ. ರಸ್ತೆಗೆ ಹೋಗಿ, ಅಂಗಡಿಯ ಹುಡುಗನಿಗೆ ತೋರಿಸಿ, ಪಕ್ಕದಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಇಲ್ಲಿ ಬಲ್ಬು ಅಗ್ಗ, ಅದನ್ನು ಹಾಕುವ ಕೈ ದುಬಾರಿ. ದುರಸ್ತಿ ಶಾಲೆಗಳಲ್ಲಿ ಗಂಟೆಯ ಕೂಲಿ ನೂರು ಡಾಲರನ್ನು ದಾಟುವುದು ಸಾಮಾನ್ಯ. ಹತ್ತು ಬಲ್ಬುಗಳ ಪೊಟ್ಟಣಕ್ಕೆ ಹತ್ತಿಪ್ಪತ್ತು ಡಾಲರ್. ವಿದೇಶಕ್ಕೆ ಬರಲು ಸಿದ್ಧರಾಗುತ್ತಿರುವ ಯುವಕರು ಪರೀಕ್ಷೆಗಳಿಗೆ ಓದುವುದರ ಜೊತೆಗೆ ಸ್ಕ್ರೂಡ್ರೈವರ್ ಹಿಡಿಯುವುದನ್ನೂ ಕಲಿತು ಬರುವುದೊಳಿತು ಎಂದು ನಾನು ಹೇಳುವುದು ಇದಕ್ಕಾಗಿಯೇ. ಮಿತ್ರರೂ ತಾವೇ ಬಿಚ್ಚಲು ನಿರ್ಧರಿಸಿದರು. ಆಗ ಹದಿನಾರು ತುಂಬಿದ್ದ ಅವರ ಮಗ ರಂಗಕ್ಕೆ ಬಂದ.

“ಅಪ್ಪಾ, ಹೇಗೂ ಬಿಚ್ತೀವಲ್ಲ, ಬ್ಲೂ ಹಾಕೋಣ. ಈ ಗ್ರೀನ್ ಅಜ್ಜನ ಕಾಲದ್ದು.”

ಮಗನಿಗೆ ಈ ಟ್ರಕ್ಕಿನ ಮೇಲೆ ಹಕ್ಕು ಸ್ಥಾಪಿಸುವ ಆತುರವಿತ್ತು. ಮಿಷಿಗನ್‌ನಲ್ಲಿ ಹದಿನಾರಕ್ಕೆ ಸಿಗುವ ಪರವಾನಗಿ ಪೂರ್ಣವಾದುದಲ್ಲ. ಕೆಲವು ವಿನಾಯಿತಿಗಳನ್ನು ಬಿಟ್ಟರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಬ್ಬನೇ ಓಡಿಸುವಂತಿಲ್ಲ. ಹಾಗಾಗಿ ಹಗಲಿನ ಸಾರಥಿ ಮಗ, ಮಧ್ಯರಾತ್ರಿಯ ಸಾರಥಿ ಅಪ್ಪ. ದೀಪದ ಬಣ್ಣ ಆರಿಸಹೊರಟವನು ಹಗಲಿನ ಸಾರಥಿ! ಆದರೆ ಮನೆಯಲ್ಲಿ ಅಪ್ಪನೊಡನೆ ನಾಲ್ಕು ಮಾತಿಗಿಂತ ಹೆಚ್ಚು ಆಡದ ಹುಡುಗ ತಾನಾಗಿ ‘ಮಾಡೋಣ’ ಎಂದದ್ದನ್ನು ತಳ್ಳಿಹಾಕಲು ಮಿತ್ರರಿಗೆ ಮನಸ್ಸು ಬರಲಿಲ್ಲ. “ಎಲ್ಲ ಬಣ್ಣವನ್ನೂ ತರಿಸು. ಒಂದೊಂದು ರಾತ್ರಿ ಒಂದೊಂದನ್ನು ನೋಡೋಣ. ಯಾವುದರಲ್ಲಿ ರಸ್ತೆ ಚೆನ್ನಾಗಿ ಕಾಣುತ್ತದೋ ಅದು ಉಳಿಯಲಿ,” ಎಂದರು.

ಈ ಹಸಿರು ಬಂದದ್ದಾದರೂ ಎಲ್ಲಿಂದ? ಆ ಕಾಲದ ಅನೇಕ ಟ್ರಕ್ಕುಗಳ ಡ್ಯಾಶ್‌ಬೋರ್ಡಿನೊಳಗೆ ಇದ್ದದ್ದು 194 ಎಂಬ ಸಂಖ್ಯೆಯ ಪುಟ್ಟ ಗಾಜಿನ ಬಲ್ಬು; ತಂತಿ ಕಾದು ಬೆಳಗುವಂಥದು, ನಾಲ್ಕು ವ್ಯಾಟಿಗಿಂತ ತುಸು ಕಡಿಮೆ ವಿದ್ಯುತ್ ಬೇಡುವಂಥದು. ಅದರ ಸಹಜ ಬೆಳಕು ಹಳದಿ. ಅದರ ಮೇಲೆ ಹಸಿರು ಅಥವಾ ನೀಲಿಹಸಿರು ಬಣ್ಣದ ರಬ್ಬರಿನ ಟೊಪ್ಪಿಗೆ ತೊಡಿಸುತ್ತಿದ್ದರು. ಕೆಲವು ವಾಹನಗಳಲ್ಲಿ ಟೊಪ್ಪಿಗೆಯ ಬದಲು ಮೀಟರಿನ ಮುಖಫಲಕದ ಹಿಂಬದಿಗೇ ಬಣ್ಣ ಬಳಿದಿರುತ್ತಾರೆ. ಇಪ್ಪತ್ತೈದು ವರ್ಷ ಕಾವಿನಲ್ಲಿ ಬೆಂದ ಟೊಪ್ಪಿಗೆ ಬಣ್ಣಗೆಡುತ್ತದೆ. ಪಾಚಿಬಣ್ಣದ ಮೂಲ ಅದೇ. ನೀಲಿ ಎಲ್‌ಇಡಿ ಆಗ ಇನ್ನೂ ಹಸುಗೂಸು. ಪ್ರಖರ ನೀಲಿ ಬೆಳಕಿನ ಎಲ್‌ಇಡಿ ಜಪಾನಿನಲ್ಲಿ ಸಿದ್ಧವಾದದ್ದು 1990ರ ದಶಕದ ಆರಂಭದಲ್ಲಿ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂದದ್ದು 2014ರಲ್ಲಿ. ಬೇಕಾದ ಬಣ್ಣವನ್ನು ಚಾಲಕನೇ ಆರಿಸಿಕೊಳ್ಳುವ ಮೀಟರುಗಳನ್ನು ಫೋರ್ಡ್ ತನ್ನ 2005ರ ಮಸ್ಟಾಂಗ್ ಕಾರಿನಲ್ಲಿ ನೀಡಿದಾಗ ಅದೊಂದು ಬೆರಗಾಗಿತ್ತು. ಹಳೆಯ ಟ್ರಕ್ಕಿನವರು ಅದೇ ಬೆರಗನ್ನು ಹತ್ತಿಪ್ಪತ್ತು ಡಾಲರಿನಲ್ಲಿ ಪಡೆಯಹೊರಡುತ್ತಾರೆ.

ಅಲ್ಲೊಂದು ತೊಡಕಿದೆ. ಟೊಪ್ಪಿಗೆ ಬೆಳಕಿಗೆ ಬಣ್ಣ ಸೇರಿಸುವುದಿಲ್ಲ, ಉಳಿದ ಬಣ್ಣಗಳನ್ನು ತಡೆಯುತ್ತದೆ. ಹಳದಿ ಬೆಳಕಿನಲ್ಲಿ ಹಸಿರಿನ ಅಂಶವೂ ಇರುವುದರಿಂದ ಅದು ಜರಡಿಯಿಂದ ಇಳಿದು ಬರುತ್ತದೆ. ಕೆಂಪು ಎಲ್‌ಇಡಿಯಲ್ಲಿ ಕೆಂಪಲ್ಲದೆ ಮತ್ತೇನೂ ಇಲ್ಲ. ಅದನ್ನು ಹಸಿರು ಟೊಪ್ಪಿಗೆಯೊಳಗೆ ಇಟ್ಟರೆ ಹೊರಗೆ ಬರುವುದು ಕತ್ತಲೆಯೇ. ಬಣ್ಣ ಬದಲಿಸಬೇಕಾದರೆ ಟೊಪ್ಪಿಗೆ ತೆಗೆಯಲೇಬೇಕು. ಮುಖಫಲಕದ ಹಿಂದೆ ಬಳಿದ ಬಣ್ಣವಿದ್ದರೆ ಅದನ್ನು ಉಜ್ಜಿ ತೆಗೆಯಬೇಕಾಗುತ್ತದೆ, ಅದಕ್ಕಾಗಿ ಸೂಜಿಮುಳ್ಳುಗಳನ್ನು ಕೀಳಬೇಕಾಗುತ್ತದೆ. ಕಿತ್ತ ಮುಳ್ಳನ್ನು ಕೂದಲೆಳೆಯಷ್ಟು ತಪ್ಪಿ ಕೂರಿಸಿದರೂ ವೇಗದ ಮೀಟರು ಸುಳ್ಳು ಹೇಳತೊಡಗುತ್ತದೆ. ಅಂಥ ವಾಹನವಿದ್ದವರು ಬಣ್ಣದ ಆಸೆ ಬಿಡುವುದೇ ಲೇಸು. ಮಿತ್ರರದು ಟೊಪ್ಪಿಗೆಯ ಜಾತಿಯಾದುದರಿಂದ ಬಚಾವಾದರು.

ಅಕ್ಟೋಬರಿನ ಒಂದು ಶನಿವಾರ ಕೆಲಸ ಆರಂಭವಾಯಿತು. ಹಿಮ ಬೀಳುವ ಮೊದಲೇ ಮಾಡಬೇಕೆಂಬುದು ಅನುಭವಿಗಳ ಮಾತು. ಕೊರೆಯುವ ಚಳಿಯಲ್ಲಿ ಹಳೆಯ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಮೊದಲು ಬ್ಯಾಟರಿಯ ಋಣ ತುದಿಯ ತಂತಿ ಕಳಚಿ, ಗಾಳಿಚೀಲದ ವ್ಯವಸ್ಥೆಯಲ್ಲಿ ಉಳಿದಿರಬಹುದಾದ ವಿದ್ಯುತ್ ಇಳಿಯಲೆಂದು ಕೆಲವು ನಿಮಿಷ ಕಾದರು. ಸ್ಟೀರಿಂಗ್ ಕಂಬವನ್ನು ಕೆಳಗಿಳಿಸಿ, ಮೀಟರುಗಳ ಸುತ್ತಲಿನ ಅಲಂಕಾರದ ಚೌಕಟ್ಟನ್ನು ಪ್ಲಾಸ್ಟಿಕ್ಕಿನ ಚಪ್ಪಟೆ ಉಪಕರಣದಿಂದ ಮೆಲ್ಲಗೆ ಮೀಟಿ ತೆಗೆದರು. ಒಳಗೆ 7 ಮಿಲಿಮೀಟರಿನ ನಾಲ್ಕು ತಿರುಪುಗಳು. ಅವು ಬಂದ ಮೇಲೂ ಮೀಟರ್ ಪೆಟ್ಟಿಗೆಯನ್ನು ಸರಕ್ಕನೆ ಎಳೆಯಬಾರದು. ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲೇ ಇರುವ ಟ್ರಕ್ಕುಗಳಲ್ಲಿ, ಯಾವ ಗೇರಿನಲ್ಲಿದ್ದೇವೆಂದು ತೋರಿಸುವ ಮುಳ್ಳಿಗೆ ಸಣ್ಣದೊಂದು ಎಳೆತಂತಿ ಕಟ್ಟಿರುತ್ತದೆ. ಅದನ್ನು ಗಮನಿಸದೆ ಹರಿದುಕೊಂಡವರು ಬಹಳ ಮಂದಿ.

ಪೆಟ್ಟಿಗೆಯ ಬೆನ್ನಿಗೆ ತಾಮ್ರದ ಗೆರೆಗಳಿರುವ ತೆಳುಹಾಳೆ ಅಂಟಿಕೊಂಡಿತ್ತು. ಅದರ ಮೇಲೆ ಸಾಲಾಗಿ ಬಲ್ಬಿನ ಹಿಡಿಗಳು. ಪ್ರತಿಯೊಂದನ್ನೂ ಕಾಲುಸುತ್ತು ತಿರುಗಿಸಿದರೆ ಕೈಗೆ ಬರುತ್ತದೆ. ಹಳೆಯ ಬಲ್ಬನ್ನು ಹೇಗೆ ಇಟ್ಟರೂ ಉರಿಯುತ್ತದೆ. ಎಲ್‌ಇಡಿಗೆ ಧನ, ಋಣಗಳ ಭೇದವಿರುವುದರಿಂದ ಉರಿಯದಿದ್ದರೆ ತಿರುಗಿಸಿ ಇಡಬೇಕು. ಎಲ್ಲವನ್ನೂ ಮುಚ್ಚುವ ಮೊದಲು ಬ್ಯಾಟರಿಗೆ ಮತ್ತೆ ತಂತಿ ಸಿಕ್ಕಿಸಿ ನೋಡುವ ಜಾಣತನವನ್ನು ಮಗ ತೋರಿದ. ಅವನ ಕೈ ಚುರುಕು. ಅಡುಗೆಮನೆಯಿಂದ ಬಂದು ಇಣುಕಿದ ಅತ್ತಿಗೆ, “ಅಪ್ಪ ಮಗ ಇಬ್ಬರೂ ಒಂದೇ ಕಡೆ ತಲೆ ಹಾಕಿದ್ದನ್ನು ಎಷ್ಟು ದಿನವಾಯ್ತೋ ನೋಡಿ,” ಎಂದರಂತೆ.

ಅಂದು ಆದ ಅವಘಡವೊಂದನ್ನು ಹಳೆಯ ವಾಹನ ಇಟ್ಟುಕೊಂಡವರೆಲ್ಲ ತಿಳಿಯತಕ್ಕದ್ದು. ಹುಮ್ಮಸ್ಸಿನಲ್ಲಿ ಮಗ ಸಿಕ್ಕ ಹಿಡಿಗಳಿಗೆಲ್ಲ ಎಲ್‌ಇಡಿ ತುಂಬಿದ್ದ. ಬ್ಯಾಟರಿಯ ಚಿತ್ರವಿರುವ ಎಚ್ಚರಿಕೆ ದೀಪಕ್ಕೂ. ಎಂಜಿನ್ ಚಾಲೂ ಮಾಡಿದಾಗ ವೋಲ್ಟ್ ಮೀಟರು 14ರ ಆಸುಪಾಸಿಗೆ ಏರಬೇಕಾದದ್ದು 12ರಲ್ಲೇ ನಿಂತಿತು. ಮಿತ್ರರಿಗೆ ತಕ್ಷಣ ಹೊಳೆಯಿತು. ಹಲವು ಹಳೆಯ ವಾಹನಗಳಲ್ಲಿ ಆ ದೀಪ ಬರಿಯ ಸೂಚಕವಲ್ಲ. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರನ್ನು ಎಬ್ಬಿಸುವ ಮೊದಲ ಹನಿ ವಿದ್ಯುತ್ತು ಹರಿಯುವುದು ಆ ಬಲ್ಬಿನ ತಂತಿಯ ಮೂಲಕವೇ. ಎಲ್‌ಇಡಿ ಬಿಡುವ ವಿದ್ಯುತ್ತು ತೀರ ಅಲ್ಪವಾದುದರಿಂದ ಆಲ್ಟರ್ನೇಟರ್ ಮಲಗಿಯೇ ಇತ್ತು. ಹಾಗೆಯೇ ಕೆಲಸಕ್ಕೆ ಹೊರಟಿದ್ದರೆ ಮಧ್ಯರಾತ್ರಿ ಜೋಳದ ಹೊಲದ ನಡುವೆ, ಮುಂದೀಪವೂ ಇಲ್ಲದೆ ನಿಲ್ಲಬೇಕಾಗಿತ್ತು. ಆ ಒಂದು ಹಿಡಿಗೆ ಹಳೆಯ ಗಾಜಿನ ಬಲ್ಬು ಹಿಂದಿರುಗಿತು. ಮುಳ್ಳು 14ಕ್ಕೆ ಏರಿತು. ಉಳಿದ ಎಚ್ಚರಿಕೆ ದೀಪಗಳನ್ನೂ ಮಿತ್ರರು ಮೊದಲಿದ್ದಂತೆಯೇ ಬಿಡಿಸಿದರು. ತೈಲದೊತ್ತಡ ಮತ್ತು ಬ್ರೇಕಿಗೆ ಕೆಂಪು, ತಿರುವಿಗೆ ಹಸಿರು, ದೂರದೀಪಕ್ಕೆ ನೀಲಿ ಎಂಬುದು ಚಾಲಕನ ಕಣ್ಣು ಓದದೆಯೇ ಗ್ರಹಿಸುವ ಭಾಷೆ, ಅದರಲ್ಲಿ ಕೈಯಾಡಿಸಬಾರದು.

ಮೊದಲ ರಾತ್ರಿ ನೀಲಿ. ಗ್ಯಾರೇಜಿನೊಳಗೆ ನೋಡುವಾಗ ಇಂದ್ರಲೋಕ. ರಸ್ತೆಗೆ ಬಂದ ಮೇಲೆ ಅಂಕಿಗಳ ಸುತ್ತ ಮಂಜು ಕವಿದಂತಾಯಿತು. ಇದಕ್ಕೆ ಕಾರಣ ಕಣ್ಣಿನ ರಚನೆಯಲ್ಲೇ ಇದೆ. ನಮ್ಮ ಕಣ್ಣಿನ ಮಸೂರ ನೀಲಿಯನ್ನು ಉಳಿದ ಬಣ್ಣಗಳಿಗಿಂತ ಹೆಚ್ಚು ಬಾಗಿಸುತ್ತದೆ. ಬಿಂಬ ಅಕ್ಷಿಪಟಕ್ಕಿಂತ ಮುಂದೆಯೇ ಮೂಡುವುದರಿಂದ ಅಂಚುಗಳು ಮಸುಕಾಗುತ್ತವೆ. ಹದಿನಾರರ ಕಣ್ಣಿಗೆ ಅದು ತಿಳಿಯುವುದಿಲ್ಲ. ಮಿತ್ರರಿಗೆ ಐವತ್ತೆರಡು. ವಯಸ್ಸಾದಂತೆ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ಚೆದುರಿಸುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಅರವತ್ತರ ವಯಸ್ಸಿನವರ ಅಕ್ಷಿಪಟವನ್ನು ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗವಷ್ಟೇ ಎಂದು ನೇತ್ರವಿಜ್ಞಾನ ಹೇಳುತ್ತದೆ. ಅದಕ್ಕಿಂತಲೂ ಅವರನ್ನು ಬಾಧಿಸಿದ್ದು ಎಡಬದಿಯ ಗಾಜು. ನೀಲಿ ಮೀಟರು ಅಲ್ಲಿ ಪ್ರತಿಬಿಂಬಿಸಿ, ಜಿಂಕೆ ನುಗ್ಗಿ ಬರಬಹುದಾದ ಕತ್ತಲಿನ ಮೇಲೆಯೇ ತೂಗಾಡುತ್ತಿತ್ತು.

ಎರಡನೆಯ ರಾತ್ರಿ ಕೆಂಪು. ಇದಕ್ಕೆ ಹಳೆಯ ಗೌರವವಿದೆ. ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಕೆಡಿಸದಿರುವುದಕ್ಕಾಗಿ ಹಡಗು, ವಿಮಾನಗಳಲ್ಲಿ ಕೆಂಪು ದೀಪ ಬಳಸುತ್ತಿದ್ದರು. ಮಂದ ಬೆಳಕಿನಲ್ಲಿ ನೋಡುವ ರಾಡ್ ಎಂಬ ಜೀವಕೋಶಗಳು ಕೆಂಪನ್ನು ಬಹುತೇಕ ಗುರುತಿಸುವುದೇ ಇಲ್ಲ, ಆದುದರಿಂದ ದಣಿಯುವುದೂ ಇಲ್ಲ. ಅವು ಕತ್ತಲಿಗೆ ಪೂರ್ಣ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಎದುರಿನ ವಾಹನದ ಒಂದು ದೀಪ ಅದನ್ನು ಕ್ಷಣದಲ್ಲಿ ಅಳಿಸಿಹಾಕಬಲ್ಲುದು. ಹೊರಗಿನ ರಸ್ತೆ ಅಂದು ನಿಜಕ್ಕೂ ಚೆನ್ನಾಗಿ ಕಂಡಿತು ಎನ್ನುತ್ತಾರೆ ಮಿತ್ರರು. ಆದರೆ ಮೀಟರಿನ ಕಿತ್ತಳೆಬಣ್ಣದ ಮುಳ್ಳು ಅಂಕಿಗಳೊಂದಿಗೆ ಬೆರೆತುಹೋಯಿತು. ತೈಲದ ಎಚ್ಚರಿಕೆಯ ಕೆಂಪು ದೀಪ ಹೊತ್ತಿದರೆ ಈ ಕೆಂಪಿನ ನಡುವೆ ಕಂಡೀತೇ ಎಂಬ ಅಳುಕು ಬೇರೆ. ಕೇಸರಿಹಳದಿಯನ್ನು ಅವರು ಪರೀಕ್ಷಿಸಲೇ ಇಲ್ಲ. ಎಂಜಿನ್ ದೋಷ ತಿಳಿಸುವ ದೀಪದ ಬಣ್ಣ ಅದೇ ಆದುದರಿಂದ.

ಮೂರನೆಯದು ಬಿಳಿ. ಓದಲು ನಿಚ್ಚಳ, ಆದರೆ ಅತಿ ಪ್ರಖರ. ಬೆಳಕು ತಗ್ಗಿಸುವ ಗುಂಡಿ ತಿರುಗಿಸಿದರೆ ಹಳೆಯ ಬಲ್ಬು ಹಂತಹಂತವಾಗಿ ಮಂದವಾಗುತ್ತಿತ್ತು. ಎಲ್‌ಇಡಿ ಹಾಗಲ್ಲ. ಒಂದು ಮಟ್ಟದವರೆಗೆ ಜಿದ್ದಿನಿಂದ ಬೆಳಗಿ, ಮುಂದೆ ತಟ್ಟನೆ ಆರಿಹೋಗುತ್ತದೆ. ಈ ಇಡೀ ಸಾಹಸದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಂಡ ಸಂಗತಿ ಇದೇ. ರಾತ್ರಿಯ ಚಾಲಕನಿಗೆ ಬೇಕಾದುದು ಬಣ್ಣಕ್ಕಿಂತ ಮೊದಲು, ಬೇಕಾದಷ್ಟು ತಗ್ಗಿಸಬಲ್ಲ ಬೆಳಕು. ಇಂದಿನ ಹೊಸ ವಾಹನಗಳ ದೊಡ್ಡ ಪರದೆಗಳನ್ನು ನೋಡುವಾಗಲೂ ನನಗೆ ಇದೇ ತಕರಾರು.

ಕೊನೆಗೆ ಹಸಿರು ತನ್ನ ಯೋಗ್ಯತೆಯಿಂದಲೇ ಗೆದ್ದಿತು. ಬೆಳಕಿನಲ್ಲಿ ನೋಡುವ ಕಣ್ಣಿಗೆ 555 ನ್ಯಾನೊಮೀಟರ್ ತರಂಗಾಂತರದ ಹಸಿರು, ಕತ್ತಲಿನ ಕಣ್ಣಿಗೆ 507ರ ಸುಮಾರಿನ ನೀಲಿಹಸಿರು ಅತಿ ಸುಲಭವಾಗಿ ಗೋಚರಿಸುತ್ತವೆ. ಅಂದರೆ ತೀರ ಕಡಿಮೆ ಬೆಳಕಿನಲ್ಲೂ ಅಂಕಿ ಓದಲು ಸಾಧ್ಯ. ಕೆಂಪು, ಹಳದಿ ಎಚ್ಚರಿಕೆಗಳ ಜೊತೆ ಘರ್ಷಣೆಯೂ ಇಲ್ಲ. ಹೊಸ 194 ಗಾಜಿನ ಬಲ್ಬುಗಳು, ಹೊಸ ಹಸಿರು ಟೊಪ್ಪಿಗೆಗಳು ಬಂದವು.

ನೀಲಿಗೆ ಸಮಾಧಾನದ ಸ್ಥಾನವೆಂದು ಮಗ ಬಿಸಿಗಾಳಿಯ ನಿಯಂತ್ರಣ ಫಲಕವನ್ನು ಕೇಳಿದ. ಕೊಟ್ಟರು. ಎರಡು ದಿನಗಳಲ್ಲಿ ಅತ್ತಿಗೆಯಿಂದ ದೂರು ಬಂದಿತು: ಬಿಸಿ ಯಾವುದು, ತಣ್ಣಗೆ ಯಾವುದು ಎಂಬುದೇ ಕಾಣುತ್ತಿಲ್ಲ. ಬಿಸಿಯ ಗುರುತು ಕೆಂಪು ಬಣ್ಣದ್ದು. ನೀಲಿ ಬೆಳಕಿನಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ. ಜನವರಿಯ ಮಿಷಿಗನ್‌ನಲ್ಲಿ ಅದು ಸಣ್ಣ ವಿಷಯವಲ್ಲ. ನೀಲಿ ಅಲ್ಲಿಂದಲೂ ಎದ್ದು, ಕಾಗದಪತ್ರ ಇಡುವ ಗೂಡಿನೊಳಕ್ಕೆ ಹೋಯಿತು.

ಹಳೆಯ ವಾಹನ ಕೊಳ್ಳುವುದು ಇಲ್ಲಿಗೆ ಹೊಸದಾಗಿ ಬಂದವರ ಮೊದಲ ದೊಡ್ಡ ವ್ಯವಹಾರವಾದುದರಿಂದ ಇನ್ನೆರಡು ಮಾತು ಸೇರಿಸುತ್ತೇನೆ. ಮಿಷಿಗನ್‌ನಂಥ ರಾಜ್ಯಗಳಲ್ಲಿ ಖಾಸಗಿ ವಾಹನಗಳಿಗೆ ವಾರ್ಷಿಕ ಸುರಕ್ಷತಾ ತಪಾಸಣೆಯಿಲ್ಲ, ಪರೀಕ್ಷಕರು ನೀವೇ. ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿ. ತೈಲ, ಬ್ಯಾಟರಿ, ಗಾಳಿಚೀಲ, ಎಂಜಿನ್ ದೋಷದ ದೀಪಗಳು ಒಮ್ಮೆ ಹೊತ್ತಬೇಕು. ದೋಷದ ದೀಪ ಹೊತ್ತದಿದ್ದರೆ ವಾಹನ ನಿರ್ದೋಷಿ ಎಂದು ತಿಳಿಯಬೇಡಿ. ಯಾರೋ ಆ ಬಲ್ಬನ್ನೇ ಕಿತ್ತಿರಬಹುದು. ಮೀಟರ್ ಪೆಟ್ಟಿಗೆಯನ್ನೇ ಬದಲಿಸಿದ ವಾಹನವಾದರೆ ಓಡಿದ ಮೈಲಿಗಳ ಲೆಕ್ಕದ ಮೇಲೆ ಕಣ್ಣಿರಲಿ. ಹಳೆಯ ಲೆಕ್ಕವನ್ನು ಹೊಸ ಮೀಟರಿನಲ್ಲಿ ಕೂರಿಸಲಾಗದಿದ್ದರೆ ಅದನ್ನು ಸೊನ್ನೆಗೆ ಇಳಿಸಿ, ಎಡಬಾಗಿಲಿನ ಚೌಕಟ್ಟಿಗೆ ಲಿಖಿತ ಸೂಚನೆ ಅಂಟಿಸಬೇಕೆಂಬುದು ಒಕ್ಕೂಟದ ಕಾನೂನು. ಮಾರಾಟಗಾರ ಮೈಲಿಗಳನ್ನು ಬರೆದುಕೊಡಬೇಕೆಂಬ ನಿಯಮ 2011 ಮತ್ತು ಅನಂತರದ ಮಾದರಿಗಳಿಗೆ ಇಪ್ಪತ್ತು ವರ್ಷ ಅನ್ವಯಿಸುತ್ತದೆ. ಅದಕ್ಕಿಂತ ಹಳೆಯವು ಈಗ ಅದರಿಂದ ಹೊರಗೆ.

ದೀಪಾಲಂಕಾರದ ಹುಚ್ಚು ಮೀಟರಿನಾಚೆ ಹರಿಯದಿರಲಿ. ಮುಂಬದಿಗೆ ಕಾಣುವ ಕೆಂಪು, ನೀಲಿ ದೀಪಗಳು ಬಹುಪಾಲು ರಾಜ್ಯಗಳಲ್ಲಿ ಪೊಲೀಸ್ ಮತ್ತು ತುರ್ತು ವಾಹನಗಳಿಗೆ ಮೀಸಲು. ಗಾಜಿನ ಬಳಿ ನೀಲಿ ಪಟ್ಟಿದೀಪ ಅಂಟಿಸಿಕೊಂಡು ಹೊರಟವನನ್ನು ಅಧಿಕಾರಿ ತಡೆದು ನಿಲ್ಲಿಸಿದರೆ ಆಶ್ಚರ್ಯವಿಲ್ಲ, ಮತ್ತು ವೀಸಾದ ಮೇಲೆ ಇರುವವರಿಗೆ ಪೊಲೀಸರೊಂದಿಗಿನ ಯಾವ ಮುಖಾಮುಖಿಯೂ ಹಗುರವಾದುದಲ್ಲ.

ಮಿತ್ರರು ಈಗ ಹೆದ್ದಾರಿಯಿಂದ ಸಣ್ಣ ರಸ್ತೆಗೆ ಇಳಿಯುತ್ತಲೇ ಗುಂಡಿ ತಿರುಗಿಸಿ ಹಸಿರನ್ನು ಮಿಣುಕುಹುಳುವಿನಷ್ಟಕ್ಕೆ ಇಳಿಸುತ್ತಾರೆ. ಎಲ್‌ಇಡಿಗಳೆಲ್ಲ ಗ್ಯಾರೇಜಿನ ಕಪಾಟಿನಲ್ಲಿ ಬಣ್ಣಬಣ್ಣವಾಗಿ ಬೇರ್ಪಡಿಸಿದ ಡಬ್ಬಿಗಳಲ್ಲಿವೆ. ಪೂರ್ಣ ಪರವಾನಗಿ ಬಂದ ದಿನ ಟ್ರಕ್ಕೂ ಬಣ್ಣವೂ ತನ್ನವೆಂದು ಮಗ ಅಪ್ಪನಿಂದ ಮಾತು ತೆಗೆದುಕೊಂಡಿದ್ದಾನೆ. ಅಪ್ಪ ಒಂದೇ ಷರತ್ತು ಹಾಕಿದ್ದಾರೆ: ಬ್ಯಾಟರಿಯ ದೀಪ ಮಾತ್ರ ಗಾಜಿನದೇ ಇರಬೇಕು.